ಮಾಯವಾದ ಕಿತ್ತಳೆ ಉಂಗುರ

"ಇಲ್ಲ! ಉಂಗುರಾನ ಇಲ್ಲ!"

ಬಳ್ಳಾರಿಯ ಕಾಲೇಜಿನ ಪ್ರಯೋಗಾಲಯದಲ್ಲಿ ಅಕ್ಷತಾ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದು ಕೂಗಿದಳು. ಸಿರುಗುಪ್ಪ ಬಳಿಯ ಕರೂರಿನ ಗದ್ದೆಮಣ್ಣಿನಿಂದ ಅವಳು ಬೇರ್ಪಡಿಸಿದ್ದ ಬ್ಯಾಕ್ಟೀರಿಯಾ ಹೈಡ್ರಾಕ್ಸಾಮಿಕ್ ಆಮ್ಲವನ್ನು ತಯಾರಿಸುತ್ತಿತ್ತು. ತಟ್ಟೆಯ ನೀಲಿ ಬಣ್ಣದಲ್ಲಿರುವ ಕಬ್ಬಿಣವನ್ನು ಆ ಆಮ್ಲ ಸೆಳೆದುಕೊಂಡಾಗ ಅಲ್ಲಿ ಕಿತ್ತಳೆ ಉಂಗುರ ಮೂಡಬೇಕು. ಹಳೆಯ ತಟ್ಟೆಯಲ್ಲಿ ಮೂಡಿತ್ತು. ಹೊಸದರಲ್ಲಿ—ಬರೀ ನೀಲಿ! ಮಧ್ಯಾಹ್ನ ಪರೀಕ್ಷಕರು ಬರುವವರಿದ್ದರು. ಅವರು ಒಪ್ಪಿದರಷ್ಟೇ ಅವಳ ಸಂಶೋಧನೆ ಮುಂದುವರಿಯುತ್ತಿತ್ತು.

"ಲೇ ಪ್ರದೀಪ, ನನ್ನ ಬ್ಯಾಕ್ಟೀರಿಯಾ ಬದ್ಲಿ ಮಾಡಿಯೇನು?"

"ನಂದ ನನಗ ಸಾಕಾಗೇತಿ, ನಿಂದ್ಯಾಕ ಬೇಕವ್ವಾ?" ಸಹಪಾಠಿ ಸಿಡುಕಿದ.

ಸಿರುಗುಪ್ಪದಿಂದ ಮೊಮ್ಮಗಳಿಗೆ ಬುತ್ತಿ ತಂದಿದ್ದ ಎರ್ರಮ್ಮಜ್ಜಿ ಬಾಗಿಲಲ್ಲೇ ನೆಟಿಕೆ ಮುರಿದಳು. "ಎಷ್ಟ್ ಬಂದೋಬಸ್ತ್ ಮಾಡಿದ್ರೂ ದೃಷ್ಟಿ ತಾಗೇ ಬಿಡ್ತಲ್ಲ!"

ಅಕ್ಷತಾಳ ಮಾರ್ಗದರ್ಶಕಿ ವಿಜಯಲಕ್ಷ್ಮಿ ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿದರು. "ಬದ್ಲಿ ಆಗಿಲ್ಲ, ಅದೇ ಐತಿ. ಅಕ್ಷತಾ, ಏನು ಕಡಿಮಿ ಆತು ಅಂತಷ್ಟ ನೋಡ್ತಿ. ಹೆಚ್ಚಾಗಿದ್ದೇನು?"

ಅವಳು ಎರಡೂ ತಟ್ಟೆಗಳನ್ನು ಅಕ್ಕಪಕ್ಕದಲ್ಲಿಟ್ಟಳು. "ಅಯ್ಯ... ಹೊಸದರಾಗ ಬ್ಯಾಕ್ಟೀರಿಯಾ ದಪ್ಪ ಬೆಳದೈತ್ರಿ!"

"ಕಬ್ಬಿಣಕ್ಕ ಹಸಿದಾಗಷ್ಟ ಇದು ಆಮ್ಲ ಮಾಡ್ತೈತಿ. ಉಂಡು ಕುಂತವರು ಭಿಕ್ಷಾಕ ಹೋಗ್ತಾರೇನು? ಯಾರೋ ಕಬ್ಬಿಣ ಉಣಿಸ್ಯಾರ. ಹೊಸ ತಟ್ಟಿಗೆ ನೀರು ಎಲ್ಲಿದು?"

"ಆ ಕ್ಯಾನಿಂದ್ರಿ. ಬಟ್ಟಿ ಇಳಿಸಿದ ನೀರು."

ಮೇಡಂ ಕ್ಯಾನು ಅಲುಗಾಡಿಸಿದರು. ಕಟಕಟ! ಬಗ್ಗಿಸಿದಾಗ ತುಕ್ಕು ಹಿಡಿದ ಮೊಳೆಯೊಂದು ಬಿತ್ತು—ಕರಿದಾರ ಸುತ್ತಿದ್ದು.

"ಬಂದೋಬಸ್ತ್ ಅಂದವರು ಇಲ್ಲಿ ಒಬ್ಬರೇ. ಅದನ್ನ ನಾವ್ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಎರ್ರಮ್ಮಜ್ಜಿ, ಇದನ್ನ ಹಾಕಿದವರು ನೀವೇ ಹೌದಲ್ರಿ?"

"ಹೌದ್ರಿ, ಹೋದ ವಾರ ಬಂದಾಗ ಹಾಕೀನಿ! ಕೂಸಿನ ತೊಟ್ಟಿಲಿಗೆ ಕಟ್ಟಂಗಿಲ್ಲೇನು? ಕಬ್ಬಿಣ ಇದ್ದಲ್ಲಿ ಕೆಟ್ಟ ಕಣ್ಣು ಬರಂಗಿಲ್ರಿ."

ಕೋಣೆಯೆಲ್ಲ ನಗೆ. ಅಕ್ಷತಾ ಪ್ರದೀಪನಿಗೆ ಕೈಮುಗಿದಳು. "ತಪ್ಪಾತಪ್ಪಾ."

"ಬುತ್ತಿ ಬಿಚ್ಚು, ಮಾಫ್!"

ಮಧ್ಯಾಹ್ನ ಪರೀಕ್ಷಕರು ಹಳೆಯ ತಟ್ಟೆಯ ಉಂಗುರವನ್ನು ನೋಡಿ ಹುಬ್ಬೇರಿಸಿದರು. "ಚೆನ್ನಾಗಿದೆ. ಆದರೆ ಕಬ್ಬಿಣ ಕೊಟ್ಟರೆ ಇದು ಮೂಡುವುದು ನಿಲ್ಲುತ್ತದೆಯೇ? ಪರೀಕ್ಷಿಸಿದ್ದೀರಾ?"

ಅಕ್ಷತಾ ಹೊಸ ತಟ್ಟೆಯನ್ನು ಮೆಲ್ಲನೆ ಮುಂದೆ ಸರಿಸಿದಳು.

"ಭೇಷ್! ಮುಂದುವರಿಸಿ. ಅಂದಹಾಗೆ, ಈ ಪ್ರಯೋಗ ಯಾರ ಯೋಚನೆ?"

ನಗು ತಡೆಯಲಾಗದೆ ಅವಳು ಬಾಗಿಲ ಕಡೆ ಕೈ ತೋರಿಸಿದಳು. "ನಮ್ಮಜ್ಜೀದ್ರಿ, ಸರ್."