ಬೀಗ ಹಾಕಿದ ಮನೆಯ ಇಪ್ಪತ್ತೆರಡು ಯೂನಿಟ್

"ಈ ತಿಂಗಳು ನೀವು ಊರಾಗ ಇರಲಿಲ್ಲ, ಹೌದಲ್ರಿ?"

ಕಿಟಕಿಯ ಹೊರಗಿನಿಂದ ಬಂದ ಗಂಡಸಿನ ದನಿಗೆ ಸೆವ್ವಂದಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಸೂಟ್‌ಕೇಸ್ ಧೊಪ್ಪೆಂದು ನೆಲಕ್ಕೆ ಬಿತ್ತು.

ರಜೆ ಮುಗಿಸಿಕೊಂಡು ಶ್ರೀಲಂಕಾದಿಂದ ಕೊಟ್ಟೂರಿಗೆ ಬಂದು, ಬಾಡಿಗೆ ಮನೆಯ ಬೀಗ ತೆಗೆದು ಹತ್ತು ನಿಮಿಷವೂ ಆಗಿರಲಿಲ್ಲ. ಅಷ್ಟರಲ್ಲಿ ಯಾರಿವನು...?

"ಯಾರ್ರೀ ನೀವು?"

"ಕೆಇಬಿಯಿಂದ ಬಂದೀನ್ರಿ. ಮೀಟರ್ ನೋಡಾಕ." ಅವನು ಕೈಯಲ್ಲಿದ್ದ ಬಿಲ್ಲಿನ ಮಷಿನ್ ಎತ್ತಿ ತೋರಿಸಿದ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು. ಬಿಸಿಲಿಗೆ ಕಂದಿದ ಮುಖ. ಆದರೆ ಆ ಕಣ್ಣುಗಳಲ್ಲಿ ಏನೋ ಆತಂಕ. "ಮನಿ ತಿಂಗಳಪೂರ್ತಿ ಬೀಗ ಹಾಕಿತ್ತು. ಆದ್ರ ಇಪ್ಪತ್ತೆರಡು ಯೂನಿಟ್ ಓಡೈತಿ. ಫ್ರಿಜ್ ಏನಾರ ಬಿಟ್ಟು ಹೋಗಿದ್ರೇನ್ರಿ?"

"ನನ್ನ ಹತ್ರ ಫ್ರಿಜ್ ಇಲ್ರಿ. ಎಲ್ಲಾ ಸ್ವಿಚ್ ಆರಿಸೇ ಹೋಗೀನಿ."

ಅವನು ಮನೆಯ ಹಿಂಭಾಗದಲ್ಲಿದ್ದ, ಸದಾ ಬೀಗ ಹಾಕಿರುವ ಕೋಣೆಯ ಕಡೆಗೊಮ್ಮೆ ನೋಡಿದ. ಬಿಲ್ ಹರಿದು ಕೊಟ್ಟು ಹೊರಟುಹೋದ.

ಬೇಸಿಗೆಯ ಆ ಮಧ್ಯಾಹ್ನ ಸೆವ್ವಂದಿ ಆ ಬಿಲ್ಲನ್ನು ಎರಡೆರಡು ಸಲ ಓದಿದಳು.

ಅವಳು ಆಯುರ್ವೇದ ಕಾಲೇಜಿನ ಮೂರನೇ ವರ್ಷದ ವಿದ್ಯಾರ್ಥಿನಿ. ಊರು ಶ್ರೀಲಂಕಾದ ಗಾಲೆ. ಕಾಲೇಜಿನ ಆಸ್ಪತ್ರೆಗೆ ಬರುವ ರೋಗಿಗಳಿಂದಲೇ ಕನ್ನಡ ಕಲಿತಿದ್ದಳು. ಹೊಸ ಹುಡುಗಿಯರು ಬಂದು ಹಾಸ್ಟೆಲ್ ತುಂಬಿದಾಗ, ಹಳಬರು ಹೊರಗೆ ಮನೆ ನೋಡಿಕೊಳ್ಳಬೇಕಾಯಿತು.

ಎಷ್ಟು ಬಾಗಿಲು ಬಡಿದಿದ್ದಳು! "ಹೊರದೇಶದಾಕಿಯಾ? ಪೊಲೀಸ್ ಕಾಗದ, ಗೀಗದ... ನಮಗ್ಯಾಕ ಬೇಕವ್ವಾ" ಅಂದವರು ಕೆಲವರು. "ಯಾವ ಜನ ನೀವು?" ಅಂತ ಕೇಳಿ, "ಬೌದ್ಧರು" ಅಂದ ಕೂಡಲೇ ಮುಖ ಸಣ್ಣದು ಮಾಡಿಕೊಂಡವರು ಇನ್ನು ಕೆಲವರು. ಮೀನು ತಿಂತಾಳೆ ಅಂತ ಒಬ್ಬರು ಅವಳು ಕೊಟ್ಟಿದ್ದ ಅಡ್ವಾನ್ಸನ್ನೇ ವಾಪಸ್ ಮಾಡಿದ್ದರು.

ಒಂದೂ ಪ್ರಶ್ನೆ ಕೇಳದೆ ಮನೆ ಕೊಟ್ಟವನು ಅರುಣಕುಮಾರ್ ಮಾತ್ರ. ಬಸ್ ಸ್ಟ್ಯಾಂಡ್ ಹತ್ತಿರ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ. ಹೆಂಡತಿ ಮಕ್ಕಳ ಜೊತೆ ಮೂರು ಬೀದಿ ಆಚೆಗೆ ವಾಸ. ಬಿಳಿ ಅಂಗಿ, ತಗ್ಗಿದ ದನಿ. ಪೊಲೀಸರಿಗೆ ಕೊಡಬೇಕಾದ ಫಾರ್ಮನ್ನು ತಾನೇ ತುಂಬಿದ್ದ. ಮಂಚವನ್ನೂ ಕೊಟ್ಟಿದ್ದ.

"ಹಿಂದಿನ ಕೋಣ್ಯಾಗ ಅಂಗಡಿ ಹಳೇ ಸಾಮಾನು ಅದಾವ, ಅದೊಂದು ನನಗ ಇರ್ಲಿ. ಮತ್ತ ಮಂಚದ ಎದುರಿನ ಸಾಕೆಟ್ ಸತ್ತೈತಿ, ಮುಟ್ಟಬ್ಯಾಡ್ರಿ. ಶಾಕ್ ಹೊಡದೀತು."

ಎಂಥಾ ಒಳ್ಳೆಯ ಮನುಷ್ಯ ಅಂದುಕೊಂಡಿದ್ದಳು ಅವಳು...!

ವಾರದ ಮೇಲೆ ಗ್ಯಾಸ್ ಏಜೆನ್ಸಿಯಲ್ಲಿ ಆ ಮೀಟರ್ ಹುಡುಗ ಮತ್ತೆ ಸಿಕ್ಕ. ಆಧಾರ್ ಇಲ್ಲದವಳಿಗೆ ಸಿಲಿಂಡರ್ ಹೇಗೆ ಕೊಡುವುದು ಅಂತ ಗುಮಾಸ್ತ ತಲೆ ಕೆರೆದುಕೊಳ್ಳುತ್ತಿದ್ದ.

"ಪಾಸ್‌ಪೋರ್ಟ್ ಐತಿ, ಬಾಡಿಗಿ ಕರಾರು ಐತಿ. ಸಣ್ಣ ಸಿಲಿಂಡರಿಗೆ ಅಷ್ಟ ಸಾಕಲ್ಲಣ್ಣಾ? ಸಾಲದಿದ್ರ ಸಾಕ್ಷಿ ಅಂತ ನನ್ನ ಹೆಸರು ಬರ್ಕೊ. ಕ್ರಾಂತಿಕುಮಾರ್, ತಂದಿ ನಾಗೇಂದ್ರಪ್ಪ."

ಸಿಲಿಂಡರನ್ನು ಅವನೇ ಬೈಕಿಗೆ ಕಟ್ಟಿಕೊಂಡು ಬಂದ. ಹೊಸ್ತಿಲ ಹೊರಗೇ ಇಟ್ಟ.

"ನೀವು ಥೇಟ್ ನಮ್ಮವ್ವನಂಗ ಮಾತಾಡ್ತೀರಿ" ಅಂದ ನಗುತ್ತಾ.

"ನನಗ ಕಲಿಸಿದವರೆಲ್ಲ ಮಂಡಿನೋವಿನ ಅವ್ವಂದಿರ್ರಿ!"

ಅವನು ಜೋರಾಗಿ ನಕ್ಕುಬಿಟ್ಟ. ಪರದೇಶದಲ್ಲಿ ತನ್ನ ಮಾತಿಗೆ ಯಾರೋ ಹೀಗೆ ಮನಸಾರೆ ನಕ್ಕಿದ್ದು ಸೆವ್ವಂದಿಗೆ ಅದೇ ಮೊದಲು. ಎದೆಯೊಳಗೆ ಏನೋ ಮೆತ್ತಗೆ ಅರಳಿತು. ಅವನ ಬಾಯಲ್ಲಿ ಅವಳ ಹೆಸರು "ಸೇವಂತಿ" ಆಯಿತು. ಅವಳು ತಿದ್ದಲಿಲ್ಲ.

ಆದರೆ ಹೋಗುವಾಗ ಅವನ ನಗು ಮಾಯವಾಗಿತ್ತು.

"ಒಂದು ಮಾತು, ಮೇಡಂ. ಒಂದಿನ ಎಲ್ಲಾ ಸ್ವಿಚ್ ಆರಿಸಿ, ಮೀಟರಿನ ಕೆಂಪು ಲೈಟ್ ನೋಡ್ರಿ. ಆಗ್ಲೂ ಮಿಟುಕಿದ್ರ, ನಿಮ್ಮನ್ನ ಬಿಟ್ಟು ಬ್ಯಾರೆ ಏನೋ ಈ ಮನ್ಯಾಗ ಕರೆಂಟ್ ತಿನ್ನಾಕತ್ತೈತಿ ಅಂತ."

ಮರುದಿನ ಅರುಣಕುಮಾರ್ ಬಾಗಿಲಿಗೆ ಬಂದ.

"ಆ ಹುಡುಗನ ಜೋಡಿ ಮಾತು ಬ್ಯಾಡ್ರಿ. ಈ ಮನ್ಯಾಗ ಮೊದ್ಲು ಶೈಲಾ ಅಂತ ನರ್ಸಿಂಗ್ ಹುಡುಗಿ ಇದ್ಲು. ಇವನ ಕಾಟಕ್ಕ ಓದೋದ ಬಿಟ್ಟು ಊರಿಗೆ ಹೋದ್ಲು. ನಿಮ್ಮಣ್ಣ ಅಂತ ತಿಳ್ಕೊಂಡು ಹೇಳಾಕತ್ತೀನಿ."

ಸೆವ್ವಂದಿ ಬಾಗಿಲ ಚಿಲಕ ಹಾಕಿದಳು. ಹಾಗಾದರೆ ಆ ನಗು...? ಆ ಕಾಳಜಿ...?

ಮೂರು ದಿನ ಕಳೆದಿರಬೇಕು. ಸ್ನಾನ ಮುಗಿಸಿ ಬಂದವಳು ಕಿಟಕಿಯ ಹೊರಗೆ ನೋಡಿದರೆ, ಹಿಂದಿನ ಗೋಡೆಯ ಹತ್ತಿರ ಕ್ರಾಂತಿಕುಮಾರ್! ಕೈಯಲ್ಲಿ ಮೊಬೈಲ್. ಫೋಟೋ ತೆಗೆಯುತ್ತಿದ್ದಾನೆ!

ಅವಳು ಕಿರುಚಿಕೊಂಡಳು.

ಬೀದಿಯ ಜನ ಕೂಡಿದರು. ಯಾರೋ ಅವನ ಕಾಲರ್ ಹಿಡಿದರು. "ವೈರಿನ ಫೋಟೋರೀ... ಮೀಟರಿಂದ ಆ ಕೋಣಿಗೆ ಬ್ಯಾರೆ ವೈರ್ ಹೋಗೈತಿ..." ಎಂಬ ಅವನ ಮಾತು ಗದ್ದಲದಲ್ಲಿ ಮುಳುಗಿತು. ಅರುಣಕುಮಾರ್ ಬರೆದುಕೊಟ್ಟ ದೂರಿಗೆ ಸೆವ್ವಂದಿ ಸಹಿ ಹಾಕಿದಳು. ವಾರದೊಳಗೆ ಕೆಇಬಿಯವರು ಅವನನ್ನು ಹಡಗಲಿಗೆ ವರ್ಗ ಮಾಡಿ ಎತ್ತಿಹಾಕಿದರು.

ಆ ದಿನ ಜನರ ನಡುವಿನಿಂದ ಹೋಗುವಾಗ ಅವನು ಅವಳನ್ನೊಮ್ಮೆ ನೋಡಿದ್ದ. ಬೈಗುಳ ಇರಲಿಲ್ಲ ಆ ನೋಟದಲ್ಲಿ. ಭಯವಿತ್ತು. ಅದೂ... ಅವಳಿಗಾಗಿ!

ಆಮೇಲಿನ ದಿನಗಳಲ್ಲಿ ಮನೆ ವಿಚಿತ್ರವಾಗಿ ಮೌನವಾಯಿತು. ಫೋನಿನಲ್ಲಿ ಅಮ್ಮ "ಮಗಳೇ, ಯಾಕೆ ಸೊರಗಿದ್ದೀಯಾ?" ಅಂತ ಸಿಂಹಳದಲ್ಲಿ ಕೇಳುತ್ತಿದ್ದರು. ಏನು ಹೇಳುವುದು? ಮನೆಯಲ್ಲಿ ಒಬ್ಬಳೇ ಇದ್ದರೂ ಒಬ್ಬಳೇ ಇದ್ದಂತೆ ಅನಿಸುವುದಿಲ್ಲ ಅಂತಲೇ?

ಒಂದು ಬೆಳಿಗ್ಗೆ, ಸೆಕೆ ತಡೆಯದೆ, ಮಂಚವನ್ನು ಎಳೆದು ಕಿಟಕಿಯ ಕಡೆಗೆ ತಿರುಗಿಸಿದಳು. ರಾತ್ರಿ ತೆರೆದರಾಯಿತು ಅಂತ ಕಿಟಕಿ ಮುಚ್ಚೇ ಇತ್ತು. ಪರದೆ ಇಳಿಬಿಟ್ಟಿತ್ತು. ಅರ್ಧ ಗಂಟೆಯ ಮೇಲೆ ಕಾಲೇಜಿಗೆ ಹೊರಟರೆ ಗೇಟಿನ ಮುಂದೆ ಅರುಣಕುಮಾರನ ಬೈಕ್ ನಿಂತಿತ್ತು.

"ಮಂಚ ಯಾಕ ತಿರುಗಿಸಿದ್ರಿ?" ಅದೇ ತಗ್ಗಿದ ದನಿ. ಅದೇ ನಗು. "ಕಿಟಕಿ ಕಡಿ ಬಿಸಿಲು ಬೀಳ್ತೈತಿ. ಮೊದ್ಲಿದ್ದಂಗ ಇರ್ಲಿ."

ಸೆವ್ವಂದಿ ಹಿಂತಿರುಗಿ ಮುಚ್ಚಿದ ಕಿಟಕಿಯತ್ತ ನೋಡಿದಳು.

*ಇವನಿಗೆ ಹೇಗೆ ಗೊತ್ತು...?*

"ಆತ್ರಿ ಅಣ್ಣಾ" ಅಂದಳು. ತನ್ನ ತುಟಿಗಳು ನಕ್ಕಿದ್ದು ಅವಳಿಗೇ ಆಶ್ಚರ್ಯ.

ಬೈಕ್ ತಿರುವು ದಾಟುವವರೆಗೂ ಕಾದಳು. ಒಳಗಿನ ಸ್ವಿಚ್ಚುಗಳೆಲ್ಲ ಆರಿದ್ದವು. ಗೋಡೆಯ ಮೀಟರಿನ ಮುಂದೆ ನಿಂತಳು.

ಕೆಂಪು ಚುಕ್ಕೆ ಆರಿತ್ತು. ಹತ್ತು ಎಣಿಸಿದಳು. ಇಪ್ಪತ್ತು... ಮೂವತ್ತು... ಐವತ್ತು ದಾಟಿದರೂ ಏನೂ ಇಲ್ಲ. ಎಲ್ಲಾ ನನ್ನ ಭ್ರಮೆ ಅಂತ ನಿಟ್ಟುಸಿರು ಬಿಡಬೇಕು, ಅಷ್ಟರಲ್ಲಿ...

ಮಿಟುಕಿತು!

ಪುಸ್ತಕ ಮರೆತವಳಂತೆ ಒಳಗೆ ಹೋದಳು. ಟ್ರಂಕಿನಿಂದ ಪಾಸ್‌ಪೋರ್ಟ್ ತೆಗೆದು ಚೀಲಕ್ಕೆ ಹಾಕಿಕೊಂಡಳು. ಹೊರಡುವಾಗ ಗೋಡೆಗೆ ಕೈ ಊರಿದಂತೆ ಮಾಡಿ ಆ ಸತ್ತ ಸಾಕೆಟ್ಟಿನ ಮೇಲೆ ಬೆರಳಿಟ್ಟಳು.

ಬೆಚ್ಚಗಿತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ ಬದಲಿಸಿ ಹಡಗಲಿ ಮುಟ್ಟುವವರೆಗೂ ಅವಳು ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಯಾರು ಮೊಬೈಲ್ ಹಿಡಿದರೂ ತನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು. ನೆಂಟರಿಲ್ಲ, ದೇಶ ತನ್ನದಲ್ಲ. ಹೋಗುತ್ತಿರುವುದು ತಾನೇ ಕಳ್ಳನಂತೆ ಹಿಡಿದುಕೊಟ್ಟವನ ಹತ್ತಿರ!

ಕೆಇಬಿ ಆಫೀಸಿನ ಬೆಂಚಿನ ಮೇಲೆ ಕ್ರಾಂತಿಕುಮಾರ್ ಬಿಲ್ಲುಗಳನ್ನು ಜೋಡಿಸುತ್ತಾ ಕೂತಿದ್ದ.

"ಕೆಂಪು ಲೈಟ್... ಮಿಟುಕಾಕತ್ತೈತ್ರಿ."

ಅವನು ತಟ್ಟನೆ ಎದ್ದು ನಿಂತ. ಬಿಲ್ಲುಗಳು ನೆಲಕ್ಕೆ ಚೆಲ್ಲಿದವು.

"ಮೊದ್ಲು ನೀರು ಕುಡೀರಿ."

"ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ?" ಅವಳ ಕಣ್ಣು ತುಂಬಿ ಬಂತು.

"ಐತಿ. ಅದು ಆಮ್ಯಾಲ."

ಹೊರಗಿನ ಬೇವಿನ ಮರದ ಕೆಳಗೆ ಅವನು ತಲೆ ತಗ್ಗಿಸಿ ಹೇಳಿದ. "ಎರಡು ವರ್ಷದ ಹಿಂದ ಶೈಲಾ ಇದ್ದಾಗ್ಲೂ ಹಿಂಗ ಆಗಿತ್ತು. ಆಕಿ ದೀಪಾವಳಿಗೆ ಊರಿಗೆ ಹೋದ್ರೂ ಮೀಟರ್ ಓಡಿತ್ತು. ನಾನು ನೋಡಿದೆ. ಬರ್ಕೊಂಡೆ. ಹೋದೆ. ಒಂದು ಮಾತು ಕೇಳಲಿಲ್ಲ, ಸೇವಂತಿ! ಆಮ್ಯಾಲ ಆಕಿ ಓದು ಬಿಟ್ಲಂತ ಗೊತ್ತಾತು. ಆ ಇಪ್ಪತ್ತೆರಡು ನೋಡಿದಾಗ ಆಕಿನ ನೆನಪಿಗೆ ಬಂದ್ಲು."

ಇವನ ಕಣ್ಣಿನಲ್ಲಿದ್ದ ಆತಂಕದ ಅರ್ಥ ಅವಳಿಗೆ ಈಗ ಆಯಿತು.

"ಆಕಿ ಊರು ಯಾವುದು?"

"ಹೊಳಲು. ಇಲ್ಲೇ ಹತ್ರ."

"ನಡೀರಿ."

ಶೈಲಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕ್ರಾಂತಿ ಅಂಗಳದಲ್ಲೇ ನಿಂತ. ಸೆವ್ವಂದಿ ಒಳಗೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತು, ಮೆಲ್ಲಗೆ ಕೇಳಿದಳು.

"ಮಂಚದ ಎದುರಿನ ಸಾಕೆಟ್ ಸತ್ತೈತಿ ಅಂತ ನಿನಗೂ ಹೇಳಿದ್ನೇನವ್ವಾ?"

ಯಂತ್ರ ನಿಂತಿತು. ಶೈಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು.

"ನನ್ನ ಫೋಟೋ ನನಗ ಕಳಿಸಿದ್ನ್ರೀ... ಬಾಯಿ ಬಿಟ್ರ ಊರಿಗೆಲ್ಲ ತೋರಸ್ತೀನಿ ಅಂದ. ನನಗೊಬ್ಬಾಕಿಗೇ ಹಿಂಗಾತು ಅಂದ್ಕೊಂಡಿದ್ದೆ..."

"ಒಬ್ಬಾಕಿ ಅಲ್ಲ. ನಾನೂ ಅದೀನಿ."

ಅಂದೇ ಸಂಜೆ ಇಬ್ಬರೂ ಹುಡುಗಿಯರು ಕೊಟ್ಟೂರು ಠಾಣೆಯಲ್ಲಿ ಪಕ್ಕಪಕ್ಕ ಕೂತು ದೂರು ಬರೆದುಕೊಟ್ಟರು. ಮಹಿಳಾ ಎಸ್ಐ ಎರಡು ಸಲ ಓದಿ, ಟೋಪಿ ಎತ್ತಿಕೊಂಡು ಎದ್ದರು.

ಬೀಗ ಒಡೆದ ಆ ಕೋಣೆಯಲ್ಲಿ ಹಳೇ ಸಾಮಾನು ಏನೂ ಇರಲಿಲ್ಲ. ಒಂದು ಮೇಜು, ಒಂದು ಕುರ್ಚಿ. ಮೇಜಿನ ಮೇಲೆ ಗುಂಯ್‌ಗುಡುತ್ತಿದ್ದ ರೆಕಾರ್ಡಿಂಗ್ ಯಂತ್ರ. ಅದರ ಪರದೆಯಲ್ಲಿ, ಸತ್ತ ಸಾಕೆಟ್ಟಿನೊಳಗಿನ ಕ್ಯಾಮೆರಾ ತೋರಿಸುತ್ತಿದ್ದ, ಕಿಟಕಿಯ ಕಡೆಗೆ ತಿರುಗಿದ್ದ ಅವಳ ಖಾಲಿ ಮಂಚ.

ಅರುಣಕುಮಾರನನ್ನು ಅಂಗಡಿಯಿಂದಲೇ ಕರೆದೊಯ್ದರು. ಜೀಪ್ ಹತ್ತುವಾಗಲೂ ಅವನು ತಗ್ಗಿದ ದನಿಯಲ್ಲೇ ಹೇಳಿದ. "ಮನಿ ಕೊಟ್ಟಿದ್ದ ತಪ್ಪಾತು ನೋಡ್ರಿ."

ಆಮೇಲೆ ಅವಳಿಗೆ ಊರಿನಲ್ಲಿ ಯಾರೂ ಮನೆ ಕೊಡಲಿಲ್ಲ. "ಕೇಸ್ ಹಾಕಿದಾಕಿ" ಎಂಬ ಮಾತು ಅವಳಿಗಿಂತ ಮೊದಲೇ ಪ್ರತಿ ಬಾಗಿಲಿಗೂ ಹೋಗಿರುತ್ತಿತ್ತು. ಹಾಸ್ಟೆಲಿನಲ್ಲಿ ಗೆಳತಿಯ ಮಂಚದ ಪಕ್ಕ ಚಾಪೆ ಹಾಸಿಕೊಂಡು ದಿನ ದೂಡುತ್ತಿದ್ದಳು.

ಒಂದು ದಿನ ಕ್ರಾಂತಿಯ ತಾಯಿ ಹುಲುಗಮ್ಮ ಕಾಲೇಜಿನ ಗೇಟಿಗೇ ಬಂದರು.

"ನಮ್ಮನ್ಯಾಗ ಇರು ಅನ್ನಬೇಕಂದ್ರ ನನ ಮಗ ಬ್ಯಾಡಂದ. 'ಆಕಿಗೆ ಋಣ ಅನ್ನಿಸಬಾರ್ದವ್ವಾ, ಆಕಿಗೆ ಆಕಿದ ಒಂದು ಬಾಗ್ಲಿರಬೇಕು' ಅಂತಾನ. ಬಾ, ಕೊಟ್ರಮ್ಮ ಟೀಚರ್ ಮನಿ ತೋರಸ್ತೀನಿ."

ನಿವೃತ್ತ ಟೀಚರ್ ಕೊಟ್ರಮ್ಮ ಒಬ್ಬರೇ ಇದ್ದರು. ಅವರು ಕೇಳದ ಪ್ರಶ್ನೆಯೇ ಇಲ್ಲ. ಕೊನೆಗೆ, "ಮೀನು ಮಾಡಿದ ದಿನ ಕಿಟಕಿ ತಗದಿಡು, ಅಷ್ಟ ಮತ್ತ" ಅಂದು ಮಹಡಿಯ ಕೋಣೆ ಕೊಟ್ಟರು.

ಭಾನುವಾರ ಕ್ರಾಂತಿ ಹಡಗಲಿಯಿಂದ ಬಂದ. ಬಾಗಿಲನ್ನು ಪೂರ್ತಿ ತೆರೆದಿಟ್ಟು, ಒಂದೊಂದೇ ಸ್ವಿಚ್ ಬೋರ್ಡ್ ಬಿಚ್ಚಿದ.

"ನೋಡ್ರಿ, ಇದು ಫ್ಯಾನಿಂದು. ಇದು ಲೈಟಿಂದು. ಬ್ಯಾರೆ ಏನೂ ಇಲ್ಲ. ನೀವ ಮುಟ್ಟಿ ನೋಡ್ರಿ."

ಅವಳು ಪ್ರತಿಯೊಂದನ್ನೂ ಮುಟ್ಟಿ ನೋಡಿದಳು. ತಣ್ಣಗಿದ್ದವು. ಕೊನೆಯ ಸ್ಕ್ರೂ ಬಿಗಿಯುವಾಗ ಕೇಳಿದಳು.

"ಸಿಟ್ಟು ಆಮ್ಯಾಲ ಅಂದಿದ್ರಿ. ಬೈಯ್ರಿ ಈಗ."

"ಎಲ್ಲೈತಿ ಸಿಟ್ಟು..." ಅವನು ತಿರುಗಿ ನೋಡಲಿಲ್ಲ. "ನಾ ಒಂದು ಮಾತು ಹೇಳಬೇಕು ಅಂತಿದ್ದೆ. ಈಗ ಬ್ಯಾಡ. ನೀವು ಇನ್ನೂ ಹೆದರಿಕ್ಯಾಗ ಅದೀರಿ. ಹೆದರಿಕ್ಯಾಗ ಹತ್ರ ಇದ್ದವರು ಒಳ್ಳೇವರ ಕಾಣ್ತಾರ."

"ಹೆದರಿಕ್ಯಾಗ ನಾನು ನಿಮ್ಮನ್ನ ದೂರ ಮಾಡಿದ್ದೆ, ಕ್ರಾಂತಿ!" ಅವಳು ಅವನ ಎದುರಿಗೆ ಬಂದು ನಿಂತಳು. "ಆ ದಿನ ನನ್ನನ್ನ ಹಡಗಲಿ ಬಸ್ ಹತ್ತಿಸಿದ್ದು ಹೆದರಿಕಿ ಅಲ್ಲ."

ಸ್ಕ್ರೂಡ್ರೈವರ್ ಅವನ ಕೈಯಲ್ಲೇ ನಿಂತಿತು.

ಅಷ್ಟರಲ್ಲಿ ಕೆಳಗಿನ ಓಣಿಯಲ್ಲಿ ಬೈಕ್ ಬಂದು ನಿಂತ ಸದ್ದು. ಎಂಜಿನ್ ಆರಲಿಲ್ಲ. ಸೆವ್ವಂದಿ ಬಗ್ಗಿ ನೋಡಿದಳು.

ಬಿಳಿ ಅಂಗಿ.

ಅರುಣಕುಮಾರನಿಗೆ ಜಾಮೀನು ಸಿಕ್ಕಿದ್ದು ಅವಳಿಗೆ ಗೊತ್ತಿತ್ತು. ಇಷ್ಟು ಬೇಗ ಮನೆ ಹುಡುಕುತ್ತಾನೆ ಅಂತ ಗೊತ್ತಿರಲಿಲ್ಲ. ಅವನು ಮಹಡಿಯತ್ತ ಮುಖ ಎತ್ತಿ ಸುಮ್ಮನೆ ನಗುತ್ತಿದ್ದ.

ಕ್ರಾಂತಿ ಬಾಗಿಲ ಕಡೆ ನುಗ್ಗಿದ. ಅವಳು ಅಡ್ಡ ಕೈ ಹಿಡಿದಳು.

"ನೀವು ಇಲ್ಲೇ ಇರ್ರಿ. ನಾನ ನೋಡ್ಕೊಂತೀನಿ."

ಹೊರಗೆ ಮಹಡಿಯ ಕಟ್ಟೆಯ ಹತ್ತಿರ ಹೋಗಿ ನೇರವಾಗಿ ನಿಂತಳು. ಮೊಬೈಲ್ ಎತ್ತಿ ಅವನ ಮುಖ, ಬೈಕಿನ ನಂಬರ್ ಎರಡೂ ಬರುವಂತೆ ಫೋಟೋ ತೆಗೆದಳು. ಎಸ್ಐಗೆ ಕಳಿಸಿದಳು. ಅದನ್ನು ನೋಡುತ್ತಿದ್ದಂತೆ ಅವನ ನಗು ಮೆಲ್ಲಗೆ ಇಳಿಯಿತು. ಬೈಕ್ ಓಣಿಯ ತುದಿಯಲ್ಲಿ ಮರೆಯಾಯಿತು.

ಒಳಗೆ ಬಂದು ಮೊಬೈಲನ್ನು ಮಂಚದ ಮೇಲಿಟ್ಟಳು. ಕ್ರಾಂತಿ ಅವಳ ಎರಡೂ ಕೈಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡ.

"ಮತ್ತ ಬಂದ್ರ?"

"ಮತ್ತ ಫೋಟೋ ತಗೀತೀನಿ." ಅವಳು ಉಸಿರು ಎಳೆದುಕೊಂಡಳು. "ಆ ಹೇಳಬೇಕಾಗಿದ್ದ ಮಾತು... ಈಗ ಹೇಳ್ರಿ."

"ನಿನ್ನ ಬಿಟ್ಟು ನನಗ ಆಗಂಗಿಲ್ಲ, ಸೇವಂತಿ."

ಅವಳು ಅವನ ಭುಜಕ್ಕೆ ಹಣೆ ಆನಿಸಿದಳು. ಸ್ವಲ್ಪ ಹೊತ್ತಿನ ಮೇಲೆ, ಅಲ್ಲಿಂದಲೇ ಮೆಲ್ಲಗೆ ಕೇಳಿದಳು.

"ಹಡಗಲಿ ಬಸ್ ಎಷ್ಟಕ್ಕ?"

"ನಾಕಕ್ಕ."

"ಅದರ ಹಿಂದ?"

"ಐದೂವರಿಗೊಂದೈತಿ."

"ನಾಕರದ್ದು ಹೋಗ್ಲಿ ಬಿಡು" ಅಂದಳು ಸೆವ್ವಂದಿ. "ಅನ್ನಕ್ಕ ಇಟ್ಟೀನಿ. ಉಂಡು ಹೋಗು."