ಹಸಿರು ಶಾಯಿಗೆ ಕಾಲು ಮೂಡಿದ್ದು

"ಇದೇನೋ ಅಕ್ಷರಾನಾ, ಜರಿಹುಳದ ಮೆರವಣಿಗೇನಾ?"

ಮಾನಿಟರ್ ಕೇಳಿದ್ದು ಇಡೀ ಕ್ಲಾಸಿನ ಎದುರಿಗೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆ ಪತ್ರಿಕೆಯ ಚಾರ್ಟಿನ ಮೇಲಿದ್ದ ಹಸಿರು ಅಕ್ಷರಗಳಿಗೆಲ್ಲ ಸಣ್ಣ ಸಣ್ಣ ಕಾಲು ಮೂಡಿದ್ದವು.

"ಇಂಕು ಹರಡಿದೆ ಕಣೋ," ಅಂದ ಕಡ್ಡಿ. ಅವನ ಸಣಕಲು ಮೈಗೆ ಕ್ಲಾಸಿನವರು ಇಟ್ಟ ಹೆಸರು ಅದು.

"ಇಂಕಿನ ಮೇಲೆ ಗೂಬೆ ಕೂರಿಸ್ಬೇಡ. ಕೈ ಸರಿಯಿಲ್ಲ ಅನ್ನು!"

"ಸಾಕು ನಿಲ್ಸಿ," ಅಂದರು ಟೀಚರ್. "ನಾಳೆ ಬೆಳಿಗ್ಗೆಗೆ ಹೊಸದಾಗಿ ಬರ್ಕೊಂಡು ಬಾ. ಆಗ್ಲೂ ಹೀಗೇ ಇದ್ರೆ ಮಾನಿಟರೇ ಬರೀಲಿ."

ಆಟಕ್ಕೆ ಯಾರೂ ಕರೆಯದ, ಲೆಕ್ಕದಲ್ಲಿ ಯಾವಾಗಲೂ ಕೊನೆಗಿರುವ ಕಡ್ಡಿಗೆ ಇದ್ದದ್ದು ಗೋಡೆ ಪತ್ರಿಕೆ ಬರೆಯುವ ಅದೊಂದೇ ಕೆಲಸ. ಅದೂ ಹೋಗುವುದೇ?

ಮನೆಗೆ ಬಂದವನೇ ಚಿಕ್ಕಮ್ಮನ ಮೇಜಿನ ಕೆಳಗೆ ನುಸುಳಿದ. ಪುಸ್ತಕ ಬೈಂಡ್ ಮಾಡುವ ಚಿಕ್ಕಮ್ಮ ಕತ್ತರಿಸಿ ಉಳಿದ ಕಾಗದವನ್ನೆಲ್ಲ ಅಲ್ಲೇ ಬಿಸಾಡುತ್ತಿದ್ದಳು. ಅಜ್ಜನ ಕಡುಹಸಿರು ಇಂಕು, ಅಕ್ಕನ ಎಳೆಹಸಿರು, ಸ್ಕೂಲಿನ ಬಾಟಲಿ, ಮೂರನ್ನೂ ಮುಂದಿಟ್ಟುಕೊಂಡು ಒಂದೊಂದು ಚೂರಿನ ಮೇಲೂ 'ಕ್ಷ' ಬರೆದ.

ನ್ಯೂಸ್‌ಪೇಪರ್ ಮೂರನ್ನೂ ಗಟಗಟ ಕುಡಿಯಿತು. ನುಣ್ಣನೆಯ ಕ್ಯಾಲೆಂಡರ್ ಹಾಳೆಯ ಮೇಲೆ ಇಂಕು ಒಣಗಲೇ ಇಲ್ಲ, ಬೆರಳು ತಾಗಿ ಮೀಸೆ ಬಂತು. ಅಜ್ಜ ಪತ್ರ ಬರೆಯುವ ಕಾಗದದ ಮೇಲೆ ಮೂರೂ ಕೆತ್ತಿದ ಹಾಗೆ ನಿಂತವು. ಚಾರ್ಟಿನ ಚೂರಿನ ಮೇಲೆ? ಮೂರಕ್ಕೂ ಕಾಲು!

ಕಡ್ಡಿ ಸಿಟ್ಟಿನಿಂದ ಆ ಚೂರನ್ನು ಎತ್ತಿ ಎಸೆದ. ಅದು ಮಗುಚಿ ಬಿತ್ತು. ಈ ಕಡೆ ಮುಟ್ಟಿದರೆ ನುಣುಪು. ಸುಮ್ಮನೆ ಇಲ್ಲೂ ಬರೆದು ನೋಡಿದ. 'ಕ್ಷ' ಅಲುಗಾಡದೆ ನಿಂತಿತು!

"ಚಿಕ್ಕಮ್ಮಾ, ಪೇಪರಿಗೆ ಬೆನ್ನೂ ಇರುತ್ತಾ?"

"ಹೊಟ್ಟೆ ಇದ್ಮೇಲೆ ಬೆನ್ನು ಇರಲ್ವೇನೋ?"

ಕಡ್ಡಿಗೆ ಥಟ್ಟನೆ ನೆನಪಾಯಿತು. ನುಣುಪಿನ ಮೇಲೆ ಪೆನ್ಸಿಲ್ ಜಾರುತ್ತೆ ಅಂತ ಚಾರ್ಟನ್ನು ಮಗುಚಿ ಒರಟು ಕಡೆಗೆ ಗೆರೆ ಎಳೆದುಕೊಟ್ಟವನು ಮಾನಿಟರೇ!

ಹೊಸ ಚಾರ್ಟಿನ ನುಣುಪು ಕಡೆಗೆ ಕಡ್ಡಿ ಪೆನ್ಸಿಲ್ ಆಡಿಸಲೇ ಇಲ್ಲ. ಚಿಕ್ಕಮ್ಮ ಕಾಗದ ಮಡಚುವ ಚಪ್ಪಟೆ ಪಟ್ಟಿಯ ತುದಿಯಿಂದ ಒತ್ತಿ ಗೆರೆ ಮೂಡಿಸಿದ. ಕಡುಹಸಿರು ದೂರಕ್ಕೆ ಕಪ್ಪಾಗಿ ಕಂಡಿತು, ಎಳೆಹಸಿರು ಕಾಣಲೇ ಇಲ್ಲ. ಗೆದ್ದದ್ದು ಸ್ಕೂಲಿನ ಬಾಟಲಿಯೇ.

ಬೆಳಿಗ್ಗೆ ಗೋಡೆಯ ಮುಂದೆ ಜಾತ್ರೆ. ಬೇರೆ ಕ್ಲಾಸಿನವರೂ ನುಗ್ಗಿ ಬಂದರು. "ಪ್ರಿಂಟ್ ಮಾಡಿಸಿದ್ದೇನ್ರೀ ಇದು?" ಅಂತ ಪಿ.ಟಿ. ಮಾಸ್ತರರೂ ನಿಂತು ನೋಡಿದರು.

ಮಾನಿಟರ್ ಮುಖ ಊದಿಸಿಕೊಂಡ. "ನಿಜ ಹೇಳೋ, ಯಾರ ಕೈಲಿ ಬರೆಸ್ಕೊಂಡು ಬಂದೆ?"

ಎಲ್ಲರೂ ಕಡ್ಡಿಯ ಕಡೆ ತಿರುಗಿದರು. ಚಾರ್ಟು ಮಗುಚಿ ಕೊಟ್ಟವನು ನೀನೇ ಅನ್ನುವ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಉಗುಳಿದ್ದರೆ ಈಗ ಮಾನಿಟರನ ಸರದಿ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಷ್ಟರಲ್ಲಿ ಎರಡನೇ ಕ್ಲಾಸಿನ ಪುಟಾಣಿಯೊಬ್ಬಳು ತುದಿಗಾಲಲ್ಲಿ ನಿಂತು, ಅಕ್ಷರಕ್ಕೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ಒಂದು ಕಡೆಯೂ ತಡವರಿಸಲಿಲ್ಲ.

ಅವಳು ಮುಗಿಸುವವರೆಗೂ ಕಡ್ಡಿ ಕೇಳಿಸಿಕೊಂಡ. ಆಮೇಲೆ ಎರಡೂ ಕೈ ಜೇಬಿಗಿಳಿಸಿ, ಎಲ್ಲರ ನಡುವಿನಿಂದ ತನ್ನ ಬೆಂಚಿನ ಕಡೆ ನಡೆದ.