ಅಜ್ಜಿಯ ಫೋಟೋಗೆ ಹಾಕಿದ ಹಾರ

ಆ ದನಿ ಕಿವಿಗೆ ಬಿದ್ದದ್ದೇ ತಡ, ರಂಜಿತಳ ಕೈಯಲ್ಲಿದ್ದ ಎಳ್ಳಿನ ಪೊಟ್ಟಣ ಜಾರಿ ಮೆಟ್ಟಿಲ ತುಂಬ ಚೆಲ್ಲಿಹೋಯಿತು.

ಅವನೇ... ಸಿದ್ದೇಶ!

ಅದೂ ಎಲ್ಲಿ? ಶ್ರೀರಂಗಪಟ್ಟಣದ ಸಂಗಮದಲ್ಲಿ, ಮಹಾಲಯ ಅಮಾವಾಸ್ಯೆಯ ನೂಕುನುಗ್ಗಲಲ್ಲಿ! ನಾಲ್ಕು ಮೆಟ್ಟಿಲು ಕೆಳಗೆ, ಮೆಕ್ಸಿಕೋದಿಂದ ಬಂದ ಹತ್ತು ಹನ್ನೆರಡು ಜನರನ್ನು ಸುತ್ತ ನಿಲ್ಲಿಸಿಕೊಂಡು ಸ್ಪ್ಯಾನಿಶ್‌ನಲ್ಲಿ ಏನೋ ವಿವರಿಸುತ್ತಿದ್ದ. ಬೆನ್ನು ಇತ್ತ ಕಡೆ. ಆದರೇನು, ಆರು ವರ್ಷವಾದರೂ ಆ ದನಿಯನ್ನು ಅವಳು ಮರೆಯೋದುಂಟೇ!

"ಯಾಕವ್ವಾ, ಎಳ್ಳೆಲ್ಲಾ ಚೆಲ್ಬುಟ್ಟೆ?" ಪಕ್ಕದಲ್ಲಿ ಕೂತಿದ್ದ ಅಪ್ಪ ತಿಮ್ಮರಾಜು ಕೇಳಿದರು. ಅಜ್ಜಿ ಅಣ್ಣಮ್ಮ ತೀರಿಕೊಂಡು ವರ್ಷ ತುಂಬಿತ್ತು. ಎಳ್ಳುನೀರು ಬಿಡೋಕೆ ಅಪ್ಪ ಮಗಳು ಕಿಕ್ಕೇರಿಯಿಂದ ಬೆಳಗ್ಗೆಯೇ ಹೊರಟು ಬಂದಿದ್ದರು.

"ಕೈ ಜಾರ್ತಪ್ಪ..." ಅಂದಳು. ಎದೆ ಹೊಡೆದುಕೊಳ್ಳುವ ಸದ್ದು ಅಪ್ಪನಿಗೆ ಕೇಳಿಸಿಬಿಟ್ಟೀತು ಅಂತ ಅವಳಿಗೆ ಭಯ.

ಈ ಭಯ ಏನು ಅಂತ ತಿಳಿಯಬೇಕಾದರೆ ನಾವು ಆರು ವರ್ಷ ಹಿಂದಕ್ಕೆ ಹೋಗಿ ಕಿಕ್ಕೇರಿಯ ಬೆಳಗಿನ ಬಸ್ಸು ಹತ್ತಬೇಕು.

ಆಹಾ, ಆ ಬಸ್ಸು! ಮೈಸೂರಿನ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಶ್ ಓದಲು ರಂಜಿತ ಕಿಕ್ಕೇರಿಯಲ್ಲಿ ಹತ್ತುತ್ತಿದ್ದಳು. ಕೆ.ಆರ್. ಪೇಟೆ ದಾಟಿ ಪಾಂಡವಪುರ ಬಂದರೆ ಸಿದ್ದೇಶ ಹತ್ತುತ್ತಿದ್ದ. ಕಬ್ಬು ಬೆಳೆಯುವ ಶಿವಲಿಂಗಯ್ಯನವರ ಮಗ. ಆ ಭಾಷೆ ಕಲಿತು ಏನು ಮಾಡ್ತೀಯ ಅಂತ ಊರೆಲ್ಲ ಕೇಳುತ್ತಿದ್ದ ಕಾಲದಲ್ಲಿ, ಅದೇ ಹುಚ್ಚು ಹಿಡಿದ ಇನ್ನೊಬ್ಬ ಸಿಕ್ಕಿದ್ದ!

ಸ್ಪ್ಯಾನಿಶ್‌ನಲ್ಲಿ ನಾಲಿಗೆ ನಡುಗಿಸಿ ಹೇಳುವ ಒಂದು 'ರ್‍ರ್‍ರ' ಇದೆ. ಪಟ್ಟಣದ ಹುಡುಗರು ತಿಂಗಳುಗಟ್ಟಲೆ ಒದ್ದಾಡಿದರೂ ಅದು ಬರಲಿಲ್ಲ. ಎತ್ತಿನ ಗಾಡಿ ಹೊಡೆದು ಬೆಳೆದ ಇವರಿಬ್ಬರಿಗೆ ಮೊದಲ ದಿನವೇ ಬಂತು. ಬಸ್ಸಿನಲ್ಲಿ ಇಬ್ಬರೂ ಅದನ್ನೇ ಅಭ್ಯಾಸ ಮಾಡುತ್ತಿದ್ದರೆ ಕಂಡಕ್ಟರ್ ಚಿಕ್ಕಯ್ಯ ತಿರುಗಿ ನೋಡುತ್ತಿದ್ದರು.

"ಏನ್ರಪ್ಪಾ, ಬಸ್ಸಿಗೇ ಎತ್ತು ಕಟ್ಟೀರಾ?"

ನಕ್ಕು ನಕ್ಕು ಕಣ್ಣಲ್ಲಿ ನೀರು ಬರುತ್ತಿತ್ತು. ಆಲೆಮನೆಯ ಬೆಲ್ಲದ ವಾಸನೆ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ... ಬಾಯಿ ಬಿಟ್ಟು ಹೇಳಿದವರು ಮಾತ್ರ ಯಾರೂ ಇಲ್ಲ.

ಆ ವರ್ಷ ನವೆಂಬರ್‌ನಲ್ಲಿ ತರಗತಿಯಲ್ಲಿ ಮೆಕ್ಸಿಕೋದವರ ಹಿರಿಯರ ಹಬ್ಬ ಮಾಡಿ ತೋರಿಸಬೇಕೆಂದಾಯಿತು. ತೀರಿಹೋದವರ ಫೋಟೋ ಇಟ್ಟು, ಚೆಂಡುಹೂ ಚೆಲ್ಲಿ, ಅವರಿಗಿಷ್ಟವಾದ ತಿಂಡಿ ಇಡುತ್ತಾರಂತೆ. ರಂಜಿತ ಮನೆಯಲ್ಲಿ ಹೇಳಿದಾಗ ಅಜ್ಜಿಗೆ ಆಶ್ಚರ್ಯವೋ ಆಶ್ಚರ್ಯ.

"ಅಲ್ಲೂ ಎಡೆ ಇಡ್ತಾರಾ! ಮತ್ತೆ ಅವ್ರೂ ನಮ್ ಪೈಕಿನೇ ಬುಡು!"

ಹೊನ್ನಪ್ಪ ತಾತನದ್ದು ಅಂತ ಇದ್ದದ್ದು ಒಂದೇ ಫೋಟೋ. ಸ್ಟುಡಿಯೋದಲ್ಲಿ ತಾತ ಕುರ್ಚಿ ಮೇಲೆ, ಪಕ್ಕದಲ್ಲಿ ಅಜ್ಜಿ ನಿಂತು ತೆಗೆಸಿಕೊಂಡಿದ್ದು. ಅಜ್ಜಿಯೇ ಗೋಡೆಯಿಂದ ಇಳಿಸಿ ಸೀರೆಯ ಸೆರಗಲ್ಲಿ ಒರೆಸಿ ಕೊಟ್ಟಿದ್ದಳು.

ತರಗತಿಯಲ್ಲಿ ರಂಜಿತ ಫೋಟೋ ಇಟ್ಟಳು, ಕುಂಕುಮ ಹಚ್ಚಿದಳು. ಹಿರಿಯರ ಎಡೆಗೆ ಪ್ರತಿ ವರ್ಷ ಕೆಲಸ ಮಾಡಿ ರೂಢಿಯಾದ ಕೈ ನೋಡಿ... ಯೋಚನೆಯನ್ನೇ ಮಾಡದೆ ಇಡೀ ಫೋಟೋಗೆ ಚೆಂಡುಹೂವಿನ ಹಾರ ಹಾಕಿಬಿಟ್ಟಳು! ಸತ್ತ ತಾತನಿಗೂ ಹಾರ, ಬದುಕಿರುವ ಅಜ್ಜಿಗೂ ಹಾರ!

ಆ ಹೊತ್ತಿಗೆ ಯಾರೋ ಪಟಪಟ ಚಿತ್ರ ತೆಗೆದು ಸ್ಟೇಟಸ್‌ಗೆ ಹಾಕಿದರು. ಚಿತ್ರದಲ್ಲಿ ಫೋಟೋ ಪಕ್ಕ ನಿಂತಿದ್ದವನು ಸಿದ್ದೇಶ. ಸಂಜೆಯೊಳಗೆ ಅದು ಕಿಕ್ಕೇರಿಗೆ ಬಂದಿತ್ತು. ಮಾರನೇ ಬೆಳಗ್ಗೆ ತಿಮ್ಮರಾಜು ಮಗಳ ಜೊತೆ ಬಸ್ಸು ಹತ್ತಿ, ಪಾಂಡವಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದ ಆ ಚಿತ್ರದ ಮುಖ ಕಂಡದ್ದೇ ಇಳಿದು, ಅವನ ಕಾಲರ್ ಹಿಡಿದರು.

"ಬದ್ಕಿರೋ ನಮ್ಮವ್ವಂಗೆ ಹಾರ ಹಾಕ್ತೀಯೇನ್ಲಾ?"

ಸಿದ್ದೇಶ ಒಂದೇ ಸಲ ರಂಜಿತಳ ಕಡೆ ನೋಡಿದ.

"ನಾನೇ ಗೌಡ್ರೇ. ತಪ್ಪಾಯ್ತು."

ರಂಜಿತ ಬಾಯಿ ಬಿಡಲಿಲ್ಲ! ಕಿಟಕಿಯ ಸರಳು ಹಿಡಿದು ಕೂತೇ ಇದ್ದಳು. ಹೇಳಿದ್ದರೆ ಅಪ್ಪ ಅಲ್ಲಿಂದಲೇ ವಾಪಸ್ ಕರೆದುಕೊಂಡು ಹೋಗಿ ಓದು ಬಿಡಿಸುತ್ತಿದ್ದರು. ಅದೇ ವಾರ ಅಜ್ಜಿ ಕೊಟ್ಟಿಗೆಯಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆ ಪಾಪಿ ಹಾಕಿದ ಹಾರದಿಂದಲೇ ಅಂತ ಊರೆಲ್ಲ ಮಾತಾಡಿತು. ರಂಜಿತ ಆಗಲೂ ಸುಮ್ಮನಿದ್ದಳು.

ಸಿದ್ದೇಶ ಮತ್ತೆ ಆ ಬಸ್ಸು ಹತ್ತಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೋದ. ಓದು ಮುಗಿದ ಮೇಲೆ ಎಲ್ಲಿ ಹೋದನೋ ಗೊತ್ತಿಲ್ಲ. ನನ್ನ ಮುಖ ನೋಡೋಕೂ ಅವನಿಗೆ ಅಸಹ್ಯ ಅಂದುಕೊಂಡಳು. ಅವಳಿಗೆ ತನ್ನ ಮೇಲೇ ಅಸಹ್ಯ. ಈಗ ಕಿಕ್ಕೇರಿಯ ಮನೆಯಲ್ಲೇ ಕೂತು ಸ್ಪ್ಯಾನಿಶ್ ಕಾಗದಪತ್ರ ಅನುವಾದ ಮಾಡುತ್ತಾಳೆ. ಬಂದ ಗಂಡುಗಳನ್ನೆಲ್ಲ ಬೇಡ ಬೇಡ ಅಂತ ವಾಪಸ್ ಕಳಿಸಿದ್ದಾಳೆ.

ಇವತ್ತು ನಾಲ್ಕು ಮೆಟ್ಟಿಲು ಕೆಳಗೆ ಅವನು ಪ್ರವಾಸಿಗರಿಗೆ ಹೇಳುತ್ತಿದ್ದ.

"ನಿಮ್ಮಂತೆಯೇ ನಾವೂ ಹಿರಿಯರನ್ನು ಊಟಕ್ಕೆ ಕರೆಯುತ್ತೇವೆ. ಆದರೆ ಬದುಕಿರುವವರ ಫೋಟೋಗೆ ಹಾರ ಹಾಕುವುದಿಲ್ಲ. ಓದುವಾಗ ಒಮ್ಮೆ ನಾನು ಆ ತಪ್ಪು ಮಾಡಿದೆ. ಗೆಳತಿಯೊಬ್ಬಳ ಅಜ್ಜಿಯ ಫೋಟೋಗೆ ಹಾರ ಹಾಕಿಬಿಟ್ಟೆ."

ಅಯ್ಯೋ ದೇವರೇ! ಊರು ಕೇರಿ ಗೊತ್ತಿಲ್ಲದ ಜನರ ಮುಂದೆಯೂ ತಪ್ಪನ್ನು ತನ್ನ ತಲೆ ಮೇಲೇ ಹೊತ್ತುಕೊಳ್ತಾನಲ್ಲ ಇವನು!

"ಆಮೇಲೆ ಆ ಅಜ್ಜಿಗೆ ಏನಾಯಿತು?" ವಯಸ್ಸಾದ ಹೆಂಗಸೊಬ್ಬಳು ಕೇಳಿದಳು.

"ಗೊತ್ತಿಲ್ಲ ಸೆನ್ಯೋರಾ. ವಿಚಾರಿಸುವ ಧೈರ್ಯ ಬರಲಿಲ್ಲ."

"ಇನ್ನೂ ಐದು ವರ್ಷ ಬದುಕಿದ್ದರು!"

ಮೇಲಿನ ಮೆಟ್ಟಿಲಿಂದ ಸ್ಪ್ಯಾನಿಶ್‌ನಲ್ಲೇ ಉತ್ತರ ಬಂತು. ಸಿದ್ದೇಶ ಗಕ್ಕನೆ ತಿರುಗಿದ. ರಂಜಿತ ಎದ್ದು ನಿಂತಿದ್ದಳು, ಮುಖ ಪೂರ್ತಿ ಒದ್ದೆ.

"ಸೊಂಟ ಮುರಿದರೂ ಎದ್ದು ಕೂತರು. ಸಾಯೋವರೆಗೂ ಪಾಂಡವಪುರದ ಹುಡುಗ ಎಲ್ಲಿ ಅಂತ ಕೇಳುತ್ತಿದ್ದರು. ಆ ಹಾರ ಹಾಕಿದ್ದು ಇವನಲ್ಲ ಸೆನ್ಯೋರಾ. ನಾನು!"

ಪ್ರವಾಸಿಗರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಸಿದ್ದೇಶ ತಲೆ ಅಲ್ಲಾಡಿಸಿದ. ಬೇಡ, ಸಾಕು ಅನ್ನುವಂತೆ.

"ಏನವ್ವಾ ಅದು? ಯಾರವ್ನು? ಎಲ್ಲೋ ನೋಡ್ದಂಗದೆ," ತಿಮ್ಮರಾಜು ಕಣ್ಣು ಕಿರಿದು ಮಾಡಿದರು.

ರಂಜಿತಳಿಗೆ ಆಗ ಹೊಳೆಯಿತು. ಅಪ್ಪನಿಗೆ ತಿಳಿಯದ ಭಾಷೆಯಲ್ಲಿ ಸತ್ಯ ಹೇಳೋದು ಏನು ಮಹಾ? ಈಗಲೂ ಏನೋ ಒಂದು ಹೇಳಿ ಅಪ್ಪನನ್ನು ಕರೆದುಕೊಂಡು ಹೋಗಿಬಿಡಬಹುದು. ಹೋದರೆ ಇವನು ಇನ್ನು ಈ ಜನ್ಮದಲ್ಲಿ ಸಿಗಲ್ಲ.

"ಅಪ್ಪಾ... ಇವ್ನು ಸಿದ್ದೇಶ. ಅಜ್ಜಿ ಫೋಟೋಗೆ ಅವತ್ತು ಹಾರ ಹಾಕಿದ್ದು ಇವ್ನಲ್ಲ, ನಾನು ಕಣಪ್ಪ! ನೀನು ಇವ್ನ ಕಾಲರ್ ಇಡ್ಕಂಡಾಗ ನಾನು ಬಸ್ಸಲ್ಲಿ ಕೂತು ನೋಡ್ತಿದ್ದೆ. ಬಾಯಿ ಬರ್ನಿಲ್ಲ ನಂಗೆ."

ತಿಮ್ಮರಾಜು ಮಗಳನ್ನು ನೋಡಿದರು. ಅವನನ್ನು ನೋಡಿದರು.

"ಯಾಕ್ಲಾ ಸುಳ್ಳು ಯೋಳ್ದೆ?" ದನಿ ಗಡಸಾಗಿತ್ತು, ಆದರೆ ನಡುಗುತ್ತಿತ್ತು.

"ದಿಟ ಯೋಳಿದ್ರೆ ಇವ್ಳ ಓದು ಬುಡುಸ್ಬುಡ್ತಿದ್ರಿ ಗೌಡ್ರೇ. ನಮ್ ತರಗತೀಲಿ ಇವ್ಳೇ ಫಸ್ಟು."

ತಿಮ್ಮರಾಜು ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡು ಮುಗಿಯಲೇ ಇಲ್ಲ.

"ಬುಡುಸ್ಬುಡ್ತಿದ್ದೆ ಕಣಪ್ಪ, ನಿಜ... ನಮ್ಮವ್ವ ಆವತ್ತೇ ಅಂದಿದ್ಲು, ಆ ಹುಡ್ಗನ್ ಮೇಲೆ ಕೈ ಮಾಡಿದ್ದು ತಪ್ಪು ಕಣ್ಲಾ ಅಂತ. ನಾನೇ ಕೇಳ್ನಿಲ್ಲ." ಅವರು ಕೆಮ್ಮಿದರು. "ಸಂಜೆ ಅವ್ವಂಗೆ ಎಡೆ ಇಡ್ತೀವಿ. ಊಟಕ್ಕೆ ಬಂದ್ಬುಡು."

"ನಾವು ಬಾಡು ತಿನ್ನಲ್ಲ ಗೌಡ್ರೇ..."

"ಗೊತ್ತದೆ ಬುಡು! ನಿಂಗೆ ಬೇರೆ ಒಲೆ ಹೂಡುಸ್ತೀನಿ. ಪಾಯ್ಸ ತಿಂತೀಯೋ ಇಲ್ವೋ?"

ಉತ್ತರಕ್ಕೂ ಕಾಯದೆ ಅವರು ಹೊಸ ಎಳ್ಳು ತರೋಕೆ ಮೆಟ್ಟಿಲು ಹತ್ತಿದರು. ಆ ವಯಸ್ಸಾದ ಸೆನ್ಯೋರಾ ಜಾಣೆ, ತನ್ನವರನ್ನೆಲ್ಲ ನದಿ ನೋಡುವ ನೆಪದಲ್ಲಿ ದೂರ ಕರೆದುಕೊಂಡು ಹೋದಳು.

ಇಬ್ಬರೇ ಉಳಿದರು.

"ಯಾಕೋ ಬಸ್ಸು ಬುಟ್ಟೆ?" ರಂಜಿತ ಕೇಳಿದಳು. "ನನ್ ಕಂಡ್ರೆ ಆಗ್ತಿರ್ಲಿಲ್ವಾ?"

"ಹುಚ್ಚಿ! ನನ್ ಜೊತೆ ಕಂಡ್ರೆ ನಿಮ್ಮಪ್ಪ ಮತ್ತೆ ಬೈತಾರೆ ಅಂತ ದಿನಾ ಸ್ಟೇಷನ್‌ಗೆ ಸೈಕಲ್ ತುಳ್ದು ಟ್ರೈನಲ್ಲಿ ಬತ್ತಿದ್ದೆ. ನೀನೇ ನನ್ ಮಾತಾಡುಸ್ನಿಲ್ಲ."

"ಯಾವ್ ಮಕ ಇಟ್ಕಂಡು ಮಾತಾಡುಸ್ಲಿ? ಪರೀಕ್ಷೆ ಮುಗಿಯೋಗಂಟ ಪಕ್ಕದ ಸೀಟಿಗೆ ಬ್ಯಾಗ್ ಇಟ್ಕಂಡೇ ಬಂದೆ ಕಣೋ... ಯಾರ್ಗೂ ಕೊಡ್ನಿಲ್ಲ."

ಸಿದ್ದೇಶನ ಕಣ್ಣು ತುಂಬಿತು. ಒಂದು ಮೆಟ್ಟಿಲು ಮೇಲೆ ಬಂದ. ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ, ಸ್ಪ್ಯಾನಿಶ್‌ನಲ್ಲಿ ಎರಡು ಮಾತು ಹೇಳಿದ. ಆರು ವರ್ಷದಿಂದ ಅವಳು ಕಾಯುತ್ತಿದ್ದ ಎರಡೇ ಎರಡು ಮಾತು!

ರಂಜಿತ ಅಳುತ್ತಲೇ ನಕ್ಕಳು.

"ಅದೆಲ್ಲ ಬ್ಯಾಡ. ಕನ್ನಡದಲ್ಲಿ ಯೋಳು. ಅಪ್ಪಂಗೂ ಕೇಳುಸ್ಬೇಕು."

"ಇಷ್ಟ್ ಜನದ್ ಮುಂದೆನಾ?"

"ನಾನು ಯೋಳ್ಲಿಲ್ವಾ ಈಗ?"

ಅವನು ಸುತ್ತ ನೋಡಿದ. ಎದೆ ತುಂಬ ಉಸಿರು ಎಳೆದುಕೊಂಡ.

"ನಿನ್ ಕಂಡ್ರೆ ನಂಗೆ ಪ್ರಾಣ ಕಣೇ ರಂಜಿತಾ! ಅವತ್ತೂ... ಇವತ್ತೂ!"

"ಕೇಳುಸ್ತು ಬುಡ್ಲಾ!" ಮೇಲಿಂದ ತಿಮ್ಮರಾಜು ಕೂಗಿದರು. "ಎಳ್ಳು ತಂದಿವ್ನಿ, ಬಾರವ್ವಾ ಬಿರ್ನೆ!"

ರಂಜಿತ ಹೊರಡಲಿಲ್ಲ. ಸಿದ್ದೇಶನ ಕೈ ಹಿಡಿದುಕೊಂಡಳು.

"ಬಾ," ಅಂದಳು. "ನೀನೂ ಬಾ."